ಲೀಟರ್, ಗ್ಯಾಲನ್, ಇಂಚು, ಟಿಎಂಸಿ: ನೀರು, ಎಣ್ಣೆ, ಹಾಲಿನ ಅಳತೆ ಬದಲಿಸಿಕೊಳ್ಳೋದು ಹೇಗೆ

ನೀರಿನ ಬಿಲ್ ಬರೋದು ಕಿಲೋಲೀಟರ್ ಲೆಕ್ಕದಲ್ಲಿ. ಟ್ಯಾಂಕರ್‌ನವರು ಲೀಟರ್ ಅಂತಾರೆ, ಸಂಪು ಕಟ್ಟುವ ಮೇಸ್ತ್ರಿ ಅಡಿ ಅಂತಾರೆ, ಬೋರ್‌ವೆಲ್‌ನವರು ಇಂಚು ಅಂತಾರೆ, ಪೇಪರಿನಲ್ಲಿ ನೋಡಿದರೆ ಟಿಎಂಸಿ ಮತ್ತು ಕ್ಯೂಸೆಕ್. ಅಂಗಡಿಯಲ್ಲಿ ಎಣ್ಣೆ ಒಂದು ಕಡೆ ಕೆಜಿ, ಇನ್ನೊಂದು ಕಡೆ ಲೀಟರ್. ಅಮೆರಿಕದಲ್ಲಿರುವ ನೆಂಟರು ಹಾಲನ್ನೇ ಗ್ಯಾಲನ್ ಲೆಕ್ಕದಲ್ಲಿ ತರುತ್ತಾರೆ. ಇಷ್ಟಕ್ಕೂ ಒಂದೊಂದು ಪಟ್ಟಿ ಬಾಯಿಪಾಠ ಮಾಡೋಕೆ ಆಗಲ್ಲ, ಮಾಡಬೇಕಾಗಿಯೂ ಇಲ್ಲ.

ದಾರಿ ಒಂದೇ. ಯಾವ ಅಳತೆ ಕೈಗೆ ಬಂದರೂ ಮೊದಲು ಅದನ್ನು ಲೀಟರಿಗೆ ತನ್ನಿ, ಆಮೇಲೆ ಲೀಟರಿನಿಂದ ಬೇಕಾದ ಕಡೆಗೆ ಹೋಗಿ. ಗ್ಯಾಲನ್ನಿಂದ ನೇರವಾಗಿ ಘನ ಅಡಿಗೆ, ಔನ್ಸಿನಿಂದ ನೇರವಾಗಿ ಕಪ್ಪಿಗೆ ಹಾರಲು ಹೋದಾಗಲೇ ಲೆಕ್ಕ ತಪ್ಪೋದು. ಲೀಟರ್ ನಡುವೆ ಇದ್ದರೆ ಪ್ರತಿ ಅಳತೆಗೂ ಒಂದೇ ಒಂದು ಸಂಖ್ಯೆ ನೆನಪಿದ್ದರೆ ಸಾಕು.

ಲೆಕ್ಕಕ್ಕೆ ಕೂರುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದು, ನನ್ನ ಮುಂದಿರೋದು ಎಷ್ಟು ಹಿಡಿಸುತ್ತದೆ ಅನ್ನುವ ಅಳತೆಯೋ, ತೂಕವೋ, ಅಥವಾ ಎಷ್ಟು ಜೋರಾಗಿ ಹರಿಯುತ್ತಿದೆ ಅನ್ನುವ ವೇಗವೋ? ಲೀಟರ್, ಕೆಜಿ, ಕ್ಯೂಸೆಕ್ ಮೂರೂ ಬೇರೆ ಬೇರೆ ಜಾತಿ. ಎರಡು, ಇದು ಯಾರ ಗ್ಯಾಲನ್, ಯಾರ ಕಪ್, ಯಾರ ಸೇರು? ಹೆಸರು ಒಂದೇ ಇದ್ದು ಅಳತೆ ಬೇರೆ ಇರೋದು ತುಂಬಾ ಇವೆ. ಕ್ಯಾಲ್ಕುಲೇಟರ್ ಒತ್ತೋದು ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ.

ಲೀಟರಿನ ಸುತ್ತ

10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಡಬ್ಬಿಯಲ್ಲಿ ಹಿಡಿಸೋದು ಒಂದು ಲೀಟರ್. ಅದರಲ್ಲಿ 1000 ಮಿಲಿಲೀಟರ್. ಒಂದು ಮಿಲಿಲೀಟರ್ ಅಂದರೆ ಒಂದು ಘನ ಸೆಂಟಿಮೀಟರ್, ಅಂದರೆ ಸಿರಿಂಜಿನ ಮೇಲೆ, ಬೈಕಿನ ಎಂಜಿನ್ ಮೇಲೆ ಬರೆದಿರುವ ಸಿಸಿ. 100 ಸಿಸಿ ಅಂದರೂ 100 ಎಂಎಲ್ ಅಂದರೂ ಒಂದೇ. ಮೇಲಕ್ಕೆ ಹೋದರೆ 1000 ಲೀಟರ್ ಸೇರಿ ಒಂದು ಕಿಲೋಲೀಟರ್, ಅದೇ ಒಂದು ಘನ ಮೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕೆಜಿ. ಇದನ್ನು ಗಟ್ಟಿಯಾಗಿ ನೆನಪಿಡಿ, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ. ಆದರೆ ಇದು ನೀರಿಗೆ ಮಾತ್ರ.

ನೀರಿನ ಮೀಟರ್ ತೋರಿಸೋದು ಕಿಲೋಲೀಟರ್. ಹೋದ ತಿಂಗಳ ರೀಡಿಂಗ್ 412, ಈ ತಿಂಗಳು 428 ಇದ್ದರೆ ನೀವು ಬಳಸಿರೋದು 16 ಕಿಲೋಲೀಟರ್, ಅಂದರೆ 16,000 ಲೀಟರ್. ನಾಲ್ಕು ಜನರ ಮನೆಗೆ ಇದು ಜಾಸ್ತಿಯೋ ಕಡಿಮೆಯೋ? ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ನಮ್ಮ ದೇಶದಲ್ಲಿ ಯೋಜನೆ ಮಾಡುವವರು ಇಟ್ಟುಕೊಳ್ಳುವ ಲೆಕ್ಕ. 135 × 4 × 30 = 16,200. ಸರಿಯಾಗಿಯೇ ಇದೆ.

ಸೋರುವ ನಲ್ಲಿಯನ್ನೂ ಹೀಗೇ ಹಿಡಿಯಬಹುದು. ಕೆಳಗೆ 200 ಎಂಎಲ್ ಲೋಟ ಇಡಿ. ಹತ್ತು ನಿಮಿಷಕ್ಕೆ ತುಂಬಿದರೆ ಗಂಟೆಗೆ 1200 ಎಂಎಲ್, ದಿನಕ್ಕೆ 28.8 ಲೀಟರ್, ತಿಂಗಳಿಗೆ 864 ಲೀಟರ್. ಹತ್ತಿರ ಹತ್ತಿರ ಒಂದು ಕಿಲೋಲೀಟರ್ ಸುಮ್ನೆ ಹೋಗುತ್ತಿದೆ, ಅದೂ ದುಡ್ಡು ಕೊಟ್ಟು ತರಿಸಿದ ನೀರು. ವಾಷರ್ ಇವತ್ತೇ ಬದಲಿಸಿ.

ಸಂಪು, ಟ್ಯಾಂಕು, ಬಾವಿ

ಇಲ್ಲಿ ಬೇಕಾಗಿರೋದು ಒಂದೇ ಸಂಖ್ಯೆ: ಒಂದು ಘನ ಅಡಿ ಅಂದರೆ 28.3 ಲೀಟರ್. ಸಂಪಿನ ಒಳಗಿನ ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. ಒಳಗಿನ ಅಳತೆ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಪ್ಲಾನ್‌ನಲ್ಲಿ ಕೆಲವೊಮ್ಮೆ ಗೋಡೆಯನ್ನೂ ಸೇರಿಸಿ ಬರೆದಿರುತ್ತಾರೆ. ಎರಡೂ ಕಡೆ ಅರ್ಧರ್ಧ ಅಡಿ ಗೋಡೆ ಹೋದರೆ ನೀರು ಎಷ್ಟೋ ಕಡಿಮೆ ಹಿಡಿಸುತ್ತದೆ.

8 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಆಳದ ಸಂಪು ಅಂದುಕೊಳ್ಳಿ. 8 × 5 × 6 = 240 ಘನ ಅಡಿ. 240 × 28.3 = 6,792 ಲೀಟರ್. ಆದರೆ ಮೇಲೆ ಅರ್ಧ ಅಡಿ ತುಂಬೋದಿಲ್ಲ, ಕೆಳಗೆ ಫುಟ್‌ವಾಲ್ವ್ ಎಳೆಯದ ಅರ್ಧ ಅಡಿ ಇದ್ದೇ ಇರುತ್ತದೆ. ಕೈಗೆ ಸಿಗುವ ಆಳ 5 ಅಡಿ, ಅಂದರೆ 5,660 ಲೀಟರ್. ಹೊಸದಾಗಿ ಸಂಪು ಕಟ್ಟಿಸುವವರು ಈ ಎರಡನೆಯ ಲೆಕ್ಕವನ್ನು ಇಟ್ಟುಕೊಂಡು ಮೇಸ್ತ್ರಿಗೆ ಅಳತೆ ಹೇಳಬೇಕು. ಇಲ್ಲದಿದ್ದರೆ 6,000 ಲೀಟರಿನ ಟ್ಯಾಂಕರ್ ಕರೆಸಿದಾಗ ಕೊನೆಯ ಒಂದಷ್ಟು ನೀರು ರಸ್ತೆಗೆ ಹೋಗುತ್ತದೆ.

ಈ ಲೆಕ್ಕದ ನಿಜವಾದ ಉಪಯೋಗ ಟ್ಯಾಂಕರ್ ಬಂದಾಗ. ಒಂದು ಇಂಚು ನೀರು ಏರಿದರೆ ಎಷ್ಟು ಲೀಟರ್ ಅಂತ ಒಮ್ಮೆ ಕಂಡುಕೊಂಡು ಸಂಪಿನ ಮುಚ್ಚಳದ ಒಳಗಡೆ ಬರೆದಿಟ್ಟುಬಿಡಿ. ಸಂಪಿನ ತಳದ ಚದರ ಅಡಿಯನ್ನು 2.36ರಿಂದ ಗುಣಿಸಿದರೆ ಒಂದು ಇಂಚಿಗೆ ಎಷ್ಟು ಲೀಟರ್ ಅಂತ ಬರುತ್ತದೆ (28.3ನ್ನು 12ರಿಂದ ಭಾಗಿಸಿದ್ದು, ಬೇರೇನಿಲ್ಲ). ನಮ್ಮ ಸಂಪಿನ ತಳ 8 × 5 = 40 ಚದರ ಅಡಿ, ಹಾಗಾಗಿ ಒಂದು ಇಂಚಿಗೆ 94.4 ಲೀಟರ್. ಟ್ಯಾಂಕರ್ ಪೈಪ್ ಬಿಡುವ ಮೊದಲು ಒಣ ಕೋಲು ಇಳಿಸಿ ನೀರಿನ ಗುರುತು ನೋಡಿ, ಮುಗಿದ ಮೇಲೆ ಮತ್ತೆ ಇಳಿಸಿ. 5,000 ಲೀಟರ್ ಬಂದಿದ್ದರೆ ಮಟ್ಟ ಸುಮಾರು 53 ಇಂಚು ಏರಿರಬೇಕು. 42 ಇಂಚು ಮಾತ್ರ ಏರಿದ್ದರೆ ಬಂದಿರೋದು ಸುಮಾರು 4,000 ಲೀಟರ್, ಅಷ್ಟೇ. ಒಂದೆರಡು ಇಂಚಿನ ವ್ಯತ್ಯಾಸಕ್ಕೆ ಜಗಳ ಬೇಡ, ಕೋಲು ಓರೆಯಾದರೂ ಅಷ್ಟು ಬರುತ್ತದೆ. ಹತ್ತು ಇಂಚು ಅಂದರೆ ಮಾತ್ರ ಕೇಳಲೇಬೇಕು. ನೀರು ಹಾಕಿಸುವಾಗ ಮನೆಯ ಮೋಟರ್ ಆನ್ ಇರಬಾರದು ಅನ್ನೋದನ್ನು ಮರೆಯಬೇಡಿ, ಆ ಕಡೆ ಎಳೆಯುತ್ತಾ ಇದ್ದರೆ ಅಳತೆಗೆ ಅರ್ಥವೇ ಇಲ್ಲ.

ದುಂಡನೆಯ ಟ್ಯಾಂಕಿಗೆ ಶಾಲೆಯಲ್ಲಿ ಕಲಿತ ಪೈ ಲೆಕ್ಕ ಬೇಕು, ಆದರೆ ಅದನ್ನೂ ಸುಲಭ ಮಾಡಿಕೊಳ್ಳಬಹುದು. ಅಡ್ಡಗಲ × ಅಡ್ಡಗಲ × ಎತ್ತರ × 22.2, ಎಲ್ಲವೂ ಅಡಿಯಲ್ಲಿ. ಉತ್ತರ ಲೀಟರಿನಲ್ಲಿ ಬರುತ್ತದೆ. 3 ಅಡಿ ಅಡ್ಡಗಲ, 5 ಅಡಿ ಎತ್ತರದ ಟ್ಯಾಂಕ್: 3 × 3 × 5 × 22.2 = 999. ಹತ್ತಿರ ಹತ್ತಿರ ಸಾವಿರ ಲೀಟರ್. ತೆರೆದ ಬಾವಿಗೂ ಇದೇ ಲೆಕ್ಕ. 10 ಅಡಿ ಅಗಲದ ಬಾವಿಯಲ್ಲಿ 12 ಅಡಿ ನೀರು ನಿಂತಿದ್ದರೆ 10 × 10 × 12 × 22.2 = 26,640 ಲೀಟರ್. ಅಡ್ಡಗಲವನ್ನು ಎರಡು ಸಲ ಗುಣಿಸುತ್ತೀರಿ, ಹಾಗಾಗಿ ಅಲ್ಲಿ ಅರ್ಧ ಅಡಿ ತಪ್ಪಿದರೆ ಉತ್ತರ ತುಂಬಾ ತಪ್ಪುತ್ತದೆ. ಎರಡು ಮೂರು ಕಡೆ ಅಳೆದು ಸರಾಸರಿ ತೆಗೆದುಕೊಳ್ಳಿ.

ಮಳೆ ನೀರು ಇನ್ನೂ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. 30 × 40 ಸೈಟು 1,200 ಚದರ ಅಡಿ, ಅಂದರೆ 111 ಚದರ ಮೀಟರ್. ಸೈಟಿನಷ್ಟೂ ತಾರಸಿ ಇದೆ ಅಂದುಕೊಂಡರೆ 20 ಮಿಲಿಮೀಟರ್‌ನ ಒಂದು ಒಳ್ಳೆಯ ಮಳೆಗೆ ಅದರ ಮೇಲೆ 2,220 ಲೀಟರ್ ಬೀಳುತ್ತದೆ. ಚೂರುಪಾರು ಆರಿ ಹೋಗೋದು, ಮೊದಲ ನೀರನ್ನು ಹೊರಗೆ ಬಿಡೋದು ಎಲ್ಲ ಕಳೆದರೂ ಮುಕ್ಕಾಲು ಭಾಗ ಹಿಡಿಯಬಹುದು. ಹೊಲದ ಲೆಕ್ಕ ಬೇಕಿದ್ದರೆ ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಅಂದರೆ 4,047 ಲೀಟರ್. ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ.

ಬೋರ್‌ವೆಲ್‌ನ ಇಂಚು

ಇದರಲ್ಲಿ ರೈತರಿಗೆ ಆಗುವಷ್ಟು ನಷ್ಟ ಬೇರೆ ಯಾವ ಅಳತೆಯಲ್ಲೂ ಆಗಲ್ಲ. ಹಾಗಾಗಿ ನಿಧಾನವಾಗಿ ಓದಿ.

"ಎರಡು ಇಂಚು ನೀರು ಬಿತ್ತು" ಅಂದರೆ ಸಾಮಾನ್ಯವಾಗಿ ಏನರ್ಥ? ಕೊರೆದ ಬೋರಿನಿಂದ ಬರುವ ನೀರನ್ನು ಒಂದು ತೊಟ್ಟಿಗೆ ಬಿಟ್ಟು, ಅದರ ಬಾಯಿಗೆ ವಿ ಆಕಾರದಲ್ಲಿ ಕತ್ತರಿಸಿದ ತಗಡು ಇಟ್ಟಿರುತ್ತಾರೆ. ಆ ವಿ ತಳದಿಂದ ನೀರಿನ ಮಟ್ಟ ಎಷ್ಟು ಇಂಚು ಮೇಲಿದೆ ಅನ್ನೋದೇ ಆ ಇಂಚು. ವಿ ಮೇಲೆ ಹೋದ ಹಾಗೆ ಅಗಲ ಆಗುತ್ತದೆ ಅಲ್ವಾ? ಹಾಗಾಗಿ ಮಟ್ಟ ಸ್ವಲ್ಪ ಏರಿದರೂ ಹೊರಗೆ ಹೋಗುವ ನೀರು ತುಂಬಾ ಜಾಸ್ತಿಯಾಗುತ್ತದೆ. 90 ಡಿಗ್ರಿ ಕೋನದ ವಿ ಆದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಒಂದೂವರೆ ಇಂಚಿಗೆ ಸುಮಾರು 1,400. ಎರಡು ಇಂಚಿಗೆ ಸುಮಾರು 2,900. ಮೂರು ಇಂಚಿಗೆ ಸುಮಾರು 8,000.

ನೋಡಿ, ಎರಡು ಇಂಚು ಅಂದರೆ ಒಂದು ಇಂಚಿನ ಎರಡು ಪಟ್ಟಲ್ಲ, ಐದೂವರೆ ಪಟ್ಟಿಗಿಂತ ಜಾಸ್ತಿ. "ಒಂದು ಇಂಚು ಬಂದಿದೆ, ಎರಡು ಇಂಚಿನವರ ಅರ್ಧದಷ್ಟು ತೋಟ ಮಾಡಬಹುದು" ಅಂತ ಗಿಡ ನೆಟ್ಟರೆ ಬೇಸಿಗೆಯಲ್ಲಿ ಕಷ್ಟಕ್ಕೆ ಸಿಕ್ಕಿಹಾಕಿಕೊಳ್ಳುತ್ತೀರಿ. ಇನ್ನೊಂದು ತೊಂದರೆ ಅಂದರೆ, ಕೆಲವರು ಪಂಪಿನ ಪೈಪು ಎರಡು ಇಂಚಿನದು, ಅದು ತುಂಬಿ ಬರುತ್ತಿದೆ ಅನ್ನೋದನ್ನೂ "ಎರಡು ಇಂಚು ನೀರು" ಅಂತಲೇ ಹೇಳುತ್ತಾರೆ. ಅದು ಬೇರೆಯೇ ಲೆಕ್ಕ. ಯಾವ ಇಂಚು ಅಂತ ಕೇಳಿ.

ಕೇಳೋದಕ್ಕಿಂತ ಒಳ್ಳೆಯದು ನೀವೇ ಅಳೆಯೋದು. ಮೋಟರ್ ಹಾಕಿ ಕನಿಷ್ಠ ಒಂದೆರಡು ಗಂಟೆ ಓಡಲಿ, ಯಾಕಂದರೆ ಮೊದಲು ಬರೋದು ಬೋರಿನೊಳಗೆ ನಿಂತಿದ್ದ ನೀರು. ಆಮೇಲೆ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. 72,000ವನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಅಂತ ಸಿಗುತ್ತದೆ. 25 ಸೆಕೆಂಡಿಗೆ ತುಂಬಿದರೆ 2,880 ಲೀಟರ್, ಅಂದರೆ ಮೇಲೆ ಹೇಳಿದ ಎರಡು ಇಂಚು. 10 ಸೆಕೆಂಡಿಗೆ ತುಂಬಿದರೆ 7,200. ನೀರು ಜೋರಾಗಿದ್ದರೆ ಬಕೆಟ್ ಸಾಲದು, 200 ಲೀಟರಿನ ಡ್ರಮ್ ಇಡಿ, ಆಗ 7,20,000ವನ್ನು ಸೆಕೆಂಡಿನಿಂದ ಭಾಗಿಸಿ.

ಈ ಸಂಖ್ಯೆ ಕೈಯಲ್ಲಿದ್ದರೆ ಡ್ರಿಪ್ ಹಾಕೋದು ಸುಲಭ. ಗಂಟೆಗೆ 4 ಲೀಟರ್ ಕೊಡುವ ಡ್ರಿಪ್ಪರ್, ಗಿಡಕ್ಕೆ ಎರಡರಂತೆ ಅಂದರೆ ಗಿಡಕ್ಕೆ ಗಂಟೆಗೆ 8 ಲೀಟರ್. 2,880ನ್ನು 8ರಿಂದ ಭಾಗಿಸಿದರೆ 360. ಒಂದು ಸಲಕ್ಕೆ 360 ಗಿಡಕ್ಕಿಂತ ಜಾಸ್ತಿಗೆ ವಾಲ್ವ್ ತೆರೆದರೆ ಕೊನೆಯ ಗಿಡಗಳಿಗೆ ನೀರು ಸರಿಯಾಗಿ ಹೋಗೋದಿಲ್ಲ.

ಔಷಧಿ ಹೊಡೆಯುವಾಗಲೂ ಇದೇ ರೀತಿ ಬಿಡಿಸಿಕೊಳ್ಳಿ. ಡಬ್ಬಿಯ ಮೇಲೆ "ಎಕರೆಗೆ 400 ಎಂಎಲ್, 200 ಲೀಟರ್ ನೀರಿನಲ್ಲಿ" ಅಂತ ಇದ್ದು ನಿಮ್ಮ ಬೆನ್ನಿನ ಪಂಪು 16 ಲೀಟರಿನದಾದರೆ, ಲೀಟರಿಗೆ 2 ಎಂಎಲ್, ಪಂಪಿಗೆ 32 ಎಂಎಲ್. ಮುಚ್ಚಳದ ಲೆಕ್ಕದಲ್ಲಿ ಹಾಕಬೇಡಿ, ಒಂದೊಂದು ಕಂಪನಿಯ ಮುಚ್ಚಳ ಒಂದೊಂದು ಥರ. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಲೋಟ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಔಷಧಿಗೆ ಅಂತಲೇ ಒಂದನ್ನು ಬೇರೆ ಇಟ್ಟುಕೊಳ್ಳಿ. ಅಡಿಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. 200 ಲೀಟರಿನ ಡ್ರಮ್ ಆದರೆ ಎರಡೆರಡು ಕೆಜಿ. ಇಲ್ಲಿ ಶೇಕಡಾ ಅಂದರೆ 100 ಲೀಟರಿಗೆ ಎಷ್ಟು ಕೆಜಿ ಅಂತ.

ಕ್ಯೂಸೆಕ್ ಮತ್ತು ಟಿಎಂಸಿ

ಕಾವೇರಿ ಸುದ್ದಿ ಬಂದಾಗಲೆಲ್ಲ ಇವೆರಡೂ ಬರುತ್ತವೆ. ಕ್ಯೂಸೆಕ್ ಹರಿವಿನ ವೇಗ, ಟಿಎಂಸಿ ನಿಂತ ನೀರಿನ ಅಳತೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ 28.3 ಲೀಟರ್. ನೂರು ಕೋಟಿ ಘನ ಅಡಿ ನೀರು ಸೇರಿದರೆ ಒಂದು ಟಿಎಂಸಿ, ಲೀಟರಿನಲ್ಲಿ ಸುಮಾರು 2,832 ಕೋಟಿ. ಕೆಆರ್‌ಎಸ್ ತುಂಬಿದಾಗ, ಅಂದರೆ 124.80 ಅಡಿ ಮುಟ್ಟಿದಾಗ, ಅದರಲ್ಲಿ ಇರೋದು 49.45 ಟಿಎಂಸಿ.

ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಸಮಯ ಬೇಕು. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ 11,574 ಒಂದನ್ನು ನೆನಪಿಟ್ಟುಕೊಂಡರೆ ಪೇಪರಿನ ಎಲ್ಲ ಲೆಕ್ಕವೂ ಬಿಡಿಸಬಹುದು. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 15 ದಿನ 5,000 ಕ್ಯೂಸೆಕ್ ಹರಿಸಲು ಹೇಳಿತ್ತು. 5,000 × 15 = 75,000. ಅದನ್ನು 11,574ರಿಂದ ಭಾಗಿಸಿದರೆ 6.48. ಅಂದರೆ ಕೇಳಿದ್ದು ಆರೂವರೆ ಟಿಎಂಸಿ. ಕೆಆರ್‌ಎಸ್ ಪೂರ್ತಿ ತುಂಬಿದಾಗಿನ ನೀರಿನಲ್ಲಿ ಎಂಟರಲ್ಲೊಂದು ಪಾಲು ಹತ್ತಿರ. ಬರೀ 5,000 ಅಂತ ಕೇಳಿದಾಗ ಇದು ಗೊತ್ತಾಗೋದೇ ಇಲ್ಲ.

"ದಿನಕ್ಕೆ 5,000 ಕ್ಯೂಸೆಕ್" ಅಂತ ಬರೆಯೋದು ಎಲ್ಲ ಕಡೆ ಕಾಣುತ್ತದೆ. ಅದರಲ್ಲಿ "ದಿನಕ್ಕೆ" ಅನ್ನೋದು ಗೊಂದಲ ಮಾಡುತ್ತದೆ. ಕ್ಯೂಸೆಕ್ ಒಳಗೇ "ಸೆಕೆಂಡಿಗೆ" ಅನ್ನೋದು ಸೇರಿದೆ. ಇಡೀ ದಿನಕ್ಕೆ 5,000 ಘನ ಅಡಿ ಅಂತ ಯಾರಾದರೂ ತಿಳಿದುಕೊಂಡರೆ ಅದು 6,000 ಲೀಟರಿನ 24 ಟ್ಯಾಂಕರಿನಷ್ಟು ನೀರೂ ಆಗಲ್ಲ! ಎಷ್ಟು ದಿನ ಹರಿಯಿತು ಅನ್ನೋದು ಮುಖ್ಯ, ಅದು ಗೊತ್ತಿಲ್ಲದೆ ಕ್ಯೂಸೆಕ್ಕನ್ನು ಟಿಎಂಸಿ ಮಾಡೋಕೆ ಬರಲ್ಲ.

ನಗರದ ನೀರಿನ ಸುದ್ದಿಯಲ್ಲಿ ಬರೋದು ಎಂಎಲ್‌ಡಿ, ದಿನಕ್ಕೆ ಎಷ್ಟು ಹತ್ತು ಲಕ್ಷ ಲೀಟರ್ ಅಂತ. ಬೆಂಗಳೂರಿನ ಕಾವೇರಿ ಐದನೇ ಹಂತ 775 ಎಂಎಲ್‌ಡಿಯದು, ಅಂದರೆ ದಿನಕ್ಕೆ 77.5 ಕೋಟಿ ಲೀಟರ್. 365ರಿಂದ ಗುಣಿಸಿದರೆ 28,287 ಕೋಟಿ ಲೀಟರ್, 2,832ರಿಂದ ಭಾಗಿಸಿದರೆ ವರ್ಷಕ್ಕೆ 10 ಟಿಎಂಸಿ. ಈಗ ನದಿ ನೀರಿನ ಹಂಚಿಕೆಯ ಸುದ್ದಿಯನ್ನೂ ನಿಮ್ಮ ಮನೆಯ ನಲ್ಲಿಯನ್ನೂ ಒಂದೇ ಲೆಕ್ಕದಲ್ಲಿ ನೋಡಬಹುದು.

ಗ್ಯಾಲನ್, ಔನ್ಸ್, ಕಪ್

ಗ್ಯಾಲನ್ ಎರಡಿವೆ. ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. ಅಮೆರಿಕದ ಗ್ಯಾಲನ್ ಹಾಲು ಅಂದರೆ ನಮ್ಮ ನಾಲ್ಕು ಲೀಟರಿಗಿಂತ ಸ್ವಲ್ಪ ಕಡಿಮೆ. ಅದರ ಕಾಲು ಭಾಗ ಕ್ವಾರ್ಟ್, 946 ಎಂಎಲ್. ಪಿಂಟ್ ಕೂಡ ಎರಡು: ಅಮೆರಿಕದ್ದು 473 ಎಂಎಲ್, ಬ್ರಿಟನ್ನಿನದು 568. ಕಚ್ಚಾ ತೈಲದ ಬ್ಯಾರೆಲ್ 42 ಅಮೆರಿಕನ್ ಗ್ಯಾಲನ್, ಅಂದರೆ 159 ಲೀಟರ್.

ಅಲ್ಲಿ ಕಾರು ಓಡಿಸುವವರು ಊರಿಗೆ ಫೋನ್ ಮಾಡಿ ಮೈಲೇಜ್ ಹೇಳುವಾಗ: ಅಮೆರಿಕದ ಗ್ಯಾಲನ್ನಿಗೆ ಇಷ್ಟು ಮೈಲಿ ಅನ್ನೋದನ್ನು 0.425ರಿಂದ ಗುಣಿಸಿ, ಲೀಟರಿಗೆ ಕಿಲೋಮೀಟರ್ ಸಿಗುತ್ತದೆ. 32 ಮೈಲಿ ಅಂದರೆ 13.6 ಕಿಲೋಮೀಟರ್. ಬ್ರಿಟನ್ನಿನಲ್ಲಿ ಪೆಟ್ರೋಲ್ ಮಾರೋದು ಲೀಟರಿನಲ್ಲಿ, ಮೈಲೇಜ್ ಹೇಳೋದು ಮಾತ್ರ ಅವರ ಗ್ಯಾಲನ್ನಿನಲ್ಲಿ. ಅದಕ್ಕೆ 0.354.

ಫ್ಲೂಯಿಡ್ ಔನ್ಸ್ ಅಂದರೆ ಹತ್ತಿರ ಹತ್ತಿರ 30 ಎಂಎಲ್. ಮಗುವಿನ ಹಾಲಿನ ಬಾಟಲಿಯ ಮೇಲೆ 4 ಔನ್ಸ್ ಅಂದರೆ 120 ಎಂಎಲ್, 8 ಅಂದರೆ 240. ತೂಕದ ಔನ್ಸ್ ಬೇರೆ, ಅದು 28.35 ಗ್ರಾಂ. ಹಾಲಿನ ಪುಡಿಯ ಡಬ್ಬಿಯ ಮೇಲಿನ ಔನ್ಸನ್ನೂ ಬಾಟಲಿಯ ಔನ್ಸನ್ನೂ ಬೆರೆಸಬೇಡಿ.

ಅಡುಗೆಯ ವೀಡಿಯೋ ನೋಡಿ ಕೇಕ್ ಮಾಡುವವರಿಗೆ ತಲೆನೋವು ಕಪ್ಪಿನದು. ಅಮೆರಿಕದ ಕಪ್ 240 ಎಂಎಲ್, ಆಸ್ಟ್ರೇಲಿಯಾದ ಕಪ್ 250. ರೈಸ್ ಕುಕ್ಕರ್ ಜೊತೆ ಬರುವ ಕಪ್ ಹೆಚ್ಚಾಗಿ 180 ಎಂಎಲ್. ಹಾಗಾಗಿ ಆ ಕಪ್ಪಿನಲ್ಲಿ ಅಳೆದು ಬೇರೆಯ ರೆಸಿಪಿ ಮಾಡಿದರೆ ಎಲ್ಲವೂ ಕಾಲು ಭಾಗ ಕಡಿಮೆ ಬೀಳುತ್ತದೆ. ಎಲ್ಲವನ್ನೂ ಅದೇ ಕಪ್ಪಿನಲ್ಲಿ ಅಳೆದರೆ ತೊಂದರೆ ಇಲ್ಲ, ಮೊಟ್ಟೆ ಮಾತ್ರ ಕಪ್ಪಿಗೆ ತಕ್ಕಂತೆ ಸಣ್ಣದಾಗೋದಿಲ್ಲ. ಟೀ ಚಮಚ 5 ಎಂಎಲ್, ಟೇಬಲ್ ಚಮಚ 15, ಆಸ್ಟ್ರೇಲಿಯಾದಲ್ಲಿ ಮಾತ್ರ 20.

ಸಿರಪ್ಪನ್ನು ಮನೆಯ ಚಮಚದಲ್ಲಿ ಕೊಡಲೇಬೇಡಿ. ನಮ್ಮ ಸ್ಟೀಲ್ ಚಮಚಗಳಲ್ಲಿ ಒಂದು ಮೂರು ಎಂಎಲ್ ಹಿಡಿದರೆ ಇನ್ನೊಂದು ಏಳು ಹಿಡಿಯುತ್ತದೆ. ಬಾಟಲಿ ಜೊತೆ ಬರುವ ಗೆರೆಯ ಮುಚ್ಚಳ ಅಥವಾ ಸಿರಿಂಜ್ ಬಳಸಿ.

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಇದು ಇನ್ನೂ ಮುಖ್ಯ. ನಮ್ಮಲ್ಲಿ ಇನ್ಸುಲಿನ್ನಿನ ಚಿಕ್ಕ ಬಾಟಲಿಗಳು, ಅಂದರೆ ವಯಲ್‌ಗಳು ಹೆಚ್ಚಾಗಿ ಯು-40, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್. ಯು-100 ಕೂಡ ಸಿಗುತ್ತದೆ, ಅದರಲ್ಲಿ ಎಂಎಲ್‌ಗೆ 100 ಯೂನಿಟ್. 10 ಯೂನಿಟ್ ಬೇಕಾದರೆ ಮೊದಲನೆಯದರಲ್ಲಿ 0.25 ಎಂಎಲ್, ಎರಡನೆಯದರಲ್ಲಿ 0.1 ಎಂಎಲ್. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಮೈಗೆ ಹೋಗುತ್ತದೆ, ಪ್ರಾಣಕ್ಕೇ ಅಪಾಯ. ಯು-40 ಸಿರಿಂಜಿಗೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ ಬಣ್ಣದ್ದು. ಬಣ್ಣದ ಜೊತೆ ಬರೆದದ್ದನ್ನೂ ಓದಿ. ಇಲ್ಲಿ ಲೆಕ್ಕ ಮಾಡಿ ಹೊಂದಿಸಿಕೊಳ್ಳಲು ಹೋಗಬೇಡಿ. ವಯಲ್‌ಗೆ ಸರಿಹೊಂದುವ ಸಿರಿಂಜನ್ನೇ ಕೇಳಿ ತನ್ನಿ.

ಲೀಟರೋ ಕೆಜಿಯೋ

ನೀರಿಗೆ ಮಾತ್ರ ಲೀಟರ್ ಅಂದರೆ ಕೆಜಿ ಅಂದೆ. ಅಡುಗೆ ಎಣ್ಣೆ ಹಗುರ, ಒಂದು ಲೀಟರಿಗೆ ಸುಮಾರು 910 ಗ್ರಾಂ. ಹಾಲು ಸ್ವಲ್ಪ ಭಾರ, ಸುಮಾರು 1,030 ಗ್ರಾಂ. ಜೇನುತುಪ್ಪ ಸುಮಾರು 1,400 ಗ್ರಾಂ, ಅದಕ್ಕೇ ಅರ್ಧ ಕೆಜಿಯ ಜೇನು ಬಾಟಲಿ ಅಷ್ಟು ಚಿಕ್ಕದಾಗಿ ಕಾಣೋದು. ಕೆಜಿಯಿಂದ ಲೀಟರಿಗೆ ಬರಬೇಕಾದರೆ ಭಾಗಿಸಿ, ಲೀಟರಿನಿಂದ ಕೆಜಿಗೆ ಗುಣಿಸಿ.

15 ಕೆಜಿ ಎಣ್ಣೆ ಟಿನ್ 2,400 ರೂಪಾಯಿ, ಪಕ್ಕದಲ್ಲಿ 15 ಲೀಟರ್ ಟಿನ್ 2,250 ರೂಪಾಯಿ ಅಂದುಕೊಳ್ಳಿ. ಯಾವುದು ಅಗ್ಗ? 15ನ್ನು 0.91ರಿಂದ ಭಾಗಿಸಿದರೆ ಕೆಜಿ ಟಿನ್ನಿನಲ್ಲಿ ಇರೋದು 16.5 ಲೀಟರ್. ಲೀಟರಿಗೆ 145 ರೂಪಾಯಿ ಚಿಲ್ಲರೆ. ಇನ್ನೊಂದು 150. ಜಾಸ್ತಿ ಬೆಲೆ ಬರೆದಿರುವ ಟಿನ್ನೇ ಅಗ್ಗ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ ಅನ್ನೋದೂ ಗಮನದಲ್ಲಿರಲಿ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 892 ಗ್ರಾಂ ಆಸುಪಾಸು. ಕೆಲವರು ಪ್ಯಾಕೆಟ್ ಮೇಲೆ ಜಾಸ್ತಿ ಉಷ್ಣತೆ ಬರೆದು ಕಡಿಮೆ ತೂಕ ತುಂಬಬಹುದಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಉಷ್ಣತೆ ಬರೆಯೋದನ್ನು ಬಿಟ್ಟು ಲೀಟರಿನ ಜೊತೆ ತೂಕವನ್ನೂ ಸರಿಯಾಗಿ ಹಾಕಿ ಅಂತ ಕಂಪನಿಗಳಿಗೆ ಹೇಳಿತು. ಎಣ್ಣೆ ಕೊಳ್ಳುವಾಗ ಗ್ರಾಂ ನೋಡಿ ಹೋಲಿಸಿ, ಮೋಸಕ್ಕೆ ಜಾಗ ಕಡಿಮೆ.

ಹಾಲಿನ ಬೆಲೆಯೂ ಹಾಗೇ. 2024ರ ಜೂನ್‌ನಲ್ಲಿ ನಂದಿನಿ ಲೀಟರ್ ಪ್ಯಾಕೆಟ್ಟಿಗೆ 50 ಎಂಎಲ್ ಸೇರಿಸಿ ಬೆಲೆ 2 ರೂಪಾಯಿ ಏರಿಸಿದರು, ನೀಲಿ ಪ್ಯಾಕೆಟ್ 42ರಿಂದ 44 ಆಯಿತು. 44ನ್ನು 1.05ರಿಂದ ಭಾಗಿಸಿದರೆ 41.90, ಅಂದರೆ ಲೀಟರಿನ ಬೆಲೆ ಏರಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಮತ್ತೆ 1000 ಎಂಎಲ್ ಆಗಿ ಬೆಲೆ 46 ಆಯಿತು. ಪ್ಯಾಕೆಟ್ ನೋಡಿದರೆ ಏರಿದ್ದು 2 ರೂಪಾಯಿ, ಲೀಟರ್ ಲೆಕ್ಕದಲ್ಲಿ 4 ರೂಪಾಯಿ. ಯಾವ ಪ್ಯಾಕೆಟ್ ಆದರೂ ಬೆಲೆಯನ್ನು ಲೀಟರಿನಿಂದ ಭಾಗಿಸಿಯೇ ಹೋಲಿಸಬೇಕು.

ತೂಕವನ್ನೂ ಲೀಟರನ್ನೂ ಬೆರೆಸಿದರೆ ಏನಾಗಬಹುದು ಅನ್ನೋದಕ್ಕೆ 1983ರ ಜುಲೈ 23ರ ಏರ್ ಕೆನಡಾ ವಿಮಾನವನ್ನು ನೋಡಿ. ಆ ಬೋಯಿಂಗ್ 767ಕ್ಕೆ ಬೇಕಿದ್ದದ್ದು 22,300 ಕೆಜಿ ಇಂಧನ. ಲೀಟರನ್ನು ಕೆಜಿ ಮಾಡಲು ಸುಮಾರು 0.8ರಿಂದ ಗುಣಿಸಬೇಕಿತ್ತು. ಗುಣಿಸಿದ್ದು 1.77ರಿಂದ, ಅದು ಲೀಟರನ್ನು ಪೌಂಡ್ ಮಾಡುವ ಸಂಖ್ಯೆ. ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹಾರಿದ ವಿಮಾನದ ಎರಡೂ ಎಂಜಿನ್ ಆಕಾಶದಲ್ಲೇ ನಿಂತವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಅನ್ನುವ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಸಂಖ್ಯೆ ಬರೆಯುವಾಗ ಪಕ್ಕದಲ್ಲಿ ಅಳತೆಯ ಹೆಸರನ್ನೂ ಬರೆಯಿರಿ ಅಂತ ಮೇಷ್ಟ್ರು ಹೇಳುತ್ತಿದ್ದದ್ದು ಇದಕ್ಕೇ.

ಪಾವು, ಸೇರು, ಕುಡ್ತೆ

ಅಜ್ಜಿ ಬರೆದಿಟ್ಟ ಅಡುಗೆ ಪುಸ್ತಕದಲ್ಲಿ ಒಂದು ಸೇರು ಹಾಲು, ಅರ್ಧ ಪಾವು ತುಪ್ಪ ಅಂತ ಇದ್ದರೆ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ನಾಲ್ಕು ಪಾವು ಸೇರಿ ಒಂದು ಸೇರು ಅನ್ನೋದು ಹಳೇ ಮೈಸೂರು ಕಡೆ ಎಲ್ಲರಿಗೂ ಗೊತ್ತು, ಆದರೆ ಆ ಸೇರು ಎಷ್ಟು ದೊಡ್ಡದು ಅನ್ನೋದು ಊರಿಂದ ಊರಿಗೆ ಬೇರೆ ಇತ್ತು. ಕರಾವಳಿಯಲ್ಲಿ ಹಾಲು, ಎಣ್ಣೆ ಅಳೆಯುತ್ತಿದ್ದ ಕುಡ್ತೆಯದ್ದೂ ಅದೇ ಕಥೆ. ನಿಮಗೆ ಬೇಕಾಗಿರೋದು ನಿಮ್ಮ ಮನೆಯ ಪಾವು.

ಅದು ಅಟ್ಟದ ಮೇಲೋ ದೇವರ ಮನೆಯಲ್ಲೋ ಇದ್ದರೆ ಕೆಳಗಿಳಿಸಿ ತೊಳೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಪಾವು ಇಟ್ಟು ಸೊನ್ನೆಗೆ ತನ್ನಿ. ಈಗ ಕಂಠದವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಎಂಎಲ್. ಬೇಸಿಗೆಯ ನೀರಿನಲ್ಲಿ ವ್ಯತ್ಯಾಸ ಬಂದರೂ ನೂರಕ್ಕೆ ಒಂದು ಗ್ರಾಂ ಮೀರಲ್ಲ. ಹಿತ್ತಾಳೆಯ ಹಳೆಯ ಪಾವು ಭಾರವಾಗಿದ್ದು ತಕ್ಕಡಿ ಎಳೆಯದಿದ್ದರೆ, ಅದರಲ್ಲಿ ತುಂಬಿದ ನೀರನ್ನು ಹಗುರವಾದ ಪ್ಲಾಸ್ಟಿಕ್ ಡಬ್ಬಿಗೆ ಸುರಿದು ತೂಗಿ. ಬಂದ ಸಂಖ್ಯೆಯನ್ನು ಅಡುಗೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ, ಅಜ್ಜಿ ಬರೆದ ಪ್ರತಿ ಅಡುಗೆಗೂ ಅದು ಸಾಕು. ಒಂದೇ ಎಚ್ಚರ: ಅಕ್ಕಿ, ಬೇಳೆಯನ್ನು ಪಾವಿನಲ್ಲಿ ಅಳೆಯುವಾಗ ಗೋಪುರದ ಹಾಗೆ ತುಂಬುತ್ತಿದ್ದರು, ನೀರು ಹಾಗೆ ನಿಲ್ಲಲ್ಲ. ಹಾಗಾಗಿ ಈ ಸಂಖ್ಯೆಯನ್ನು ಹಾಲು, ತುಪ್ಪ, ಎಣ್ಣೆಗೆ ಬಳಸಿ. ಅಕ್ಕಿಗೆ ಬೇಕಾದರೆ ಗೋಪುರ ತುಂಬಿ ಬೇರೆಯಾಗಿ ತೂಗಿ ಬರೆದುಕೊಳ್ಳಿ.